ಕಾಕಾನ ಅಂಬಾಸಿಡರ್, ನನ್ನ ಡಿಜೈರ್: ನಲವತ್ತು ವರ್ಷದಲ್ಲಿ ಬಾನೆಟ್ ಕೆಳಗೆ ಏನಾಯಿತು?

ಕಲಬುರಗಿಯಲ್ಲಿ ನಮ್ಮ ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿದ ಅಂಗಳ ಇದೆ. ಅಲ್ಲಿ ಈಗ ಎರಡು ಕಾರು ನಿಲ್ಲುತ್ತವೆ. ಒಂದು ನಮ್ಮ ಕಾಕಾನ 1986ರ ಅಂಬಾಸಿಡರ್ ಮಾರ್ಕ್ 4. ಬಿಳಿ ಬಣ್ಣದ್ದು, ಹರಾಜಿನಲ್ಲಿ ಹಿಡಿದದ್ದು. ಇನ್ನೊಂದು ನಾನು ತಂದ ಹೊಸ ಮಾರುತಿ ಡಿಜೈರ್. ತಂದ ದಿನವೇ ಕಾಕಾ ಬಂದು ಅದರ ಬಾನೆಟ್ ಮೇಲೆ ಬೆರಳು ಮಡಚಿ ಎರಡು ಸಲ ತಟ್ಟಿದರು. ಡಬ್ ಡಬ್ ಅಂತು. ಆಮೇಲೆ ತಮ್ಮ ಕಾರಿಗೂ ತಟ್ಟಿದರು. ಟಣ್ ಅಂತು.

"ಕೇಳ್ತೇನ್ ತಮ್ಮಾ? ಇದು ಗಾಡಿ. ಅದು ಡಬ್ಬಿ" ಅಂದರು.

ತಟ್ಟಿ ನೋಡುವುದು ಮಡಿಕೆ ಕೊಳ್ಳುವಾಗ ಸರಿ. ಕಾರಿಗೆ ಆ ಪರೀಕ್ಷೆ ಸಾಲದು ಅಂತ ನಾನು ಆ ದಿನ ವಾದ ಮಾಡಲಿಲ್ಲ. ಆದರೆ ಎರಡೂ ಕಾರನ್ನು ಓಡಿಸುತ್ತಾ ಒಂದು ವಿಷಯ ಗೊತ್ತಾಯಿತು. ಹಳೆ ಕಾರಿನಲ್ಲಿ ಅರ್ಧ ಯಂತ್ರ ಬಾನೆಟ್ ಕೆಳಗೆ ಇದ್ದರೆ, ಇನ್ನರ್ಧ ಡ್ರೈವರ್ ಸೀಟಿನಲ್ಲಿ ಕೂತಿರುತ್ತಿತ್ತು. ಅವನ ಕಿವಿ, ಅವನ ಮೂಗು, ಅವನ ಕಾಲು. ಹೊಸ ಕಾರು ಆ ಕೆಲಸಗಳನ್ನೆಲ್ಲ ಒಂದೊಂದಾಗಿ ತಾನೇ ವಹಿಸಿಕೊಂಡಿದೆ. ಹಾಗೆ ನೋಡಿದರೆ ಎರಡೂ ಕಾರು ಸುಲಭವಾಗಿ ಅರ್ಥವಾಗುತ್ತವೆ.

ಮೊದಲು ಹುಟ್ಟಿನ ಲೆಕ್ಕ ಮುಗಿಸೋಣ. ಅಂಬಾಸಿಡರ್ ಮೂಲದಲ್ಲಿ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ ಮಾಡತೊಡಗಿತು. ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ನಮ್ಮ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆದದ್ದೂ ಅದೇ ವರ್ಷ, ನವೆಂಬರ್ 1ಕ್ಕೆ. ಕಾಕಾನ ಕಾರಿನದು 1489 ಸಿಸಿ ಪೆಟ್ರೋಲ್ ಎಂಜಿನ್, ಶಕ್ತಿ ಸುಮಾರು 50 ಅಶ್ವಶಕ್ತಿ. ಡಿಜೈರ್ ಮೊದಲು ಬಂದದ್ದು 2008ರಲ್ಲಿ. ನನ್ನದು 2024ರ ನವೆಂಬರಿನಲ್ಲಿ ಬಿಡುಗಡೆಯಾದ ನಾಲ್ಕನೇ ತಲೆಮಾರು. 1197 ಸಿಸಿ, ಮೂರೇ ಸಿಲಿಂಡರ್, ಆದರೆ 80ಕ್ಕೂ ಜಾಸ್ತಿ ಅಶ್ವಶಕ್ತಿ. ಚಿಕ್ಕ ಎಂಜಿನ್, ದೊಡ್ಡ ಶಕ್ತಿ. ಇದು ಹೇಗೆ?

ಬೆಳಿಗ್ಗೆ ಕಾರು ಚಾಲೂ ಮಾಡುವುದನ್ನೇ ನೋಡಿ. ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಪ್ಪು ಹೊಗೆ, ಜಾಸ್ತಿಯಾದರೆ ಎಂಜಿನ್ ಕೆಮ್ಮುತ್ತದೆ. ಅಂಬಾಸಿಡರ್‌ನಲ್ಲಿ ಈ ಮಿಶ್ರಣ ಮಾಡುವುದು ಕಾರ್ಬುರೇಟರ್. ಹಿಂದೆ ಮನೆಯಲ್ಲಿ ಸೊಳ್ಳೆಗೆ ಔಷಧ ಹೊಡೆಯುವ ಕೈ ಪಂಪು ಇರುತ್ತಿತ್ತಲ್ಲ, ಹೆಚ್ಚು ಕಡಿಮೆ ಅದೇ ತತ್ವ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ಜೋರಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದ ಸಣ್ಣ ತೂತಿನಿಂದ ಪೆಟ್ರೋಲ್ ತಾನಾಗಿ ಎಳೆದುಕೊಂಡು ಬಂದು ಹನಿಹನಿಯಾಗಿ ಬೆರೆಯುತ್ತದೆ.

ಸರಳ, ಚೆಂದ. ಆದರೆ ಆ ತೂತಿಗೆ ಇವತ್ತು ಚಳಿ ಇದೆಯೋ ಸೆಕೆ ಇದೆಯೋ ಗೊತ್ತಿಲ್ಲ. ಡಿಸೆಂಬರ್ ಬೆಳಿಗ್ಗೆ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ, ಆಗ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡಬೇಕು. ಅದಕ್ಕೇ ಚೋಕ್. ಕಾಕಾ ಚೋಕ್ ಎಳೆದು, ಸ್ಟಾರ್ಟ್ ಮಾಡಿ, ತಲೆ ಸ್ವಲ್ಪ ಓರೆ ಮಾಡಿ ಎಂಜಿನ್ ಸದ್ದು ಕೇಳುತ್ತಾರೆ. ಸದ್ದು ಹದಕ್ಕೆ ಬಂದಂತೆ ಚೋಕ್ ಅನ್ನು ಕೂದಲೆಳೆಯಷ್ಟು ಒಳಗೆ ತಳ್ಳುತ್ತಾರೆ. ನಮ್ಮ ಅವ್ವ ಜೋಳದ ಹಿಟ್ಟಿಗೆ ಬಿಸಿನೀರು ಹಾಕುವುದೂ ಹೀಗೇ. ಅಳತೆ ಇಲ್ಲ, ಕೈಗೆ ಗೊತ್ತು.

ಡಿಜೈರ್‌ನಲ್ಲಿ ನಾನು ಗುಂಡಿ ಒತ್ತುತ್ತೇನೆ ಅಷ್ಟೇ. ಎಂಜಿನ್ ಎಷ್ಟು ಬಿಸಿ, ಒಳಗೆ ಎಷ್ಟು ಗಾಳಿ ಬರುತ್ತಿದೆ ಅಂತ ಸೆನ್ಸರ್‌ಗಳು ಹೇಳುತ್ತವೆ. ಸೈಲೆನ್ಸರ್ ಕೊಳವೆಯಲ್ಲಿ ಕೂತ ಇನ್ನೊಂದು ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ, ಮಿಶ್ರಣ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಚಾಡಿ ಹೇಳುತ್ತಲೇ ಇರುತ್ತದೆ. ಅಂಗೈಯಗಲದ ಕಂಪ್ಯೂಟರ್ ಒಂದು ಅದನ್ನು ಕೇಳಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಪ್ರತಿ ಸಲ ಲೆಕ್ಕ ಹಾಕುತ್ತದೆ. ಓರೆ ಮಾಡಿದ ಕಾಕಾನ ತಲೆ ಅಂದರೆ ಇದೇ. ವ್ಯತ್ಯಾಸ ಏನೆಂದರೆ, ಕಾಕಾ ಕೇಳುವುದು ಬೆಳಿಗ್ಗೆ ಎರಡು ನಿಮಿಷ. ಇದು ಕಾರು ನಿಲ್ಲುವವರೆಗೂ ಕೇಳುತ್ತದೆ.

ಕಿಡಿಯ ವಿಷಯವೂ ಹಾಗೇ. ಹಳೆ ಕಾರಿನಲ್ಲಿ ಪಾಯಿಂಟ್ ಎಂಬ ಸಣ್ಣ ಸ್ವಿಚ್ಚು ತೆರೆದು ಮುಚ್ಚಿ ಕಿಡಿ ಹುಟ್ಟಿಸುತ್ತದೆ. ಅದರ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಗೇಜ್ ಕೈಗೆ ಸಿಗದಿದ್ದರೆ ಕಾಕಾ ಲಗ್ನಪತ್ರಿಕೆಯ ತುಂಡು ತೂರಿಸಿ ನೋಡುತ್ತಾರೆ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಯಾರದೋ ಮದುವೆಯ ಅರ್ಧ ಪತ್ರಿಕೆ ಇವತ್ತಿಗೂ ಇದೆ. ಹುಡುಗನ ಹೆಸರು ಉಳಿದಿದೆ, ಹುಡುಗಿಯ ಹೆಸರು ಪಾಯಿಂಟ್ ಪಾಲಾಗಿದೆ. ಹೊಸ ಕಾರಿನಲ್ಲಿ ಪಾಯಿಂಟೇ ಇಲ್ಲ. ಕಂಪ್ಯೂಟರ್ ಹೇಳಿದ ಹೊತ್ತಿಗೆ ಕಾಯಿಲ್ ಕಿಡಿ ಕೊಡುತ್ತದೆ. ಕಿಡಿಯ ಹೊತ್ತು, ಪೆಟ್ರೋಲಿನ ಅಳತೆ ಎರಡೂ ಕರಾರುವಾಕ್ಕಾಗಿ ಇರುವುದರಿಂದ ಮಿಶ್ರಣವನ್ನು ಇನ್ನೂ ಬಿಗಿಯಾಗಿ ಒತ್ತಿ ಉರಿಸಬಹುದು. ಒಳಗೆ ಹೋಗುವ, ಹೊರಗೆ ಬರುವ ಗಾಳಿಗೆ ಬಾಗಿಲುಗಳೂ ಜಾಸ್ತಿ. ಚಿಕ್ಕ ಎಂಜಿನ್ನಿನ ದೊಡ್ಡ ಶಕ್ತಿ ಬಂದದ್ದು ಇಲ್ಲಿಂದ. ಮೈಲೇಜೂ ಇಲ್ಲಿಂದಲೇ. ಕೈಯಿಂದ ಗೇರ್ ಹಾಕುವ (ಮ್ಯಾನುವಲ್) ಡಿಜೈರ್‌ಗೆ ಕಂಪನಿ ಹೇಳುವ ಲೆಕ್ಕ ಲೀಟರಿಗೆ 24.79 ಕಿಲೋಮೀಟರ್. ರಸ್ತೆಯಲ್ಲಿ ಅಷ್ಟು ಯಾರಿಗೂ ಬರುವುದಿಲ್ಲ ಬಿಡಿ. ಆದರೂ ಕಾಕಾಗೆ ಲೀಟರಿಗೆ ಹತ್ತು ಬಂದ ದಿನ ಮನೆಯಲ್ಲಿ ಸುದ್ದಿಯಾಗುತ್ತದೆ.

ಇನ್ನು ಬಿಸಿಲು. ನಮ್ಮ ಊರಿನವರಿಗೆ ಈ ಭಾಗ ಬಿಡಿಸಿ ಹೇಳಬೇಕು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಹುಮನಾಬಾದ್ ರಸ್ತೆ ಹಿಡಿದು ಬೀದರ್ ಕಡೆ ಹೋಗುವಾಗ, ಕಮಲಾಪುರದ ಹತ್ತಿರ ಬಾನೆಟ್ ಎತ್ತಿ ನಿಂತ ಕಾರುಗಳು ಕಾಣುತ್ತಿದ್ದವು. ಯಾವ ಕಂಪನಿಯದೇ ಆಗಲಿ. ಎಂಜಿನ್ ಆರುವವರೆಗೆ ಜನ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದು ಕೂರುತ್ತಿದ್ದರು. ಯಾಕೆ ನಿಲ್ಲುತ್ತಿದ್ದವು? ಕಾರಣ ಎರಡು, ಮತ್ತು ಎರಡೂ ಬೇರೆ ಬೇರೆ.

ಮೊದಲನೆಯದು ಪೆಟ್ರೋಲೇ ಕುದಿಯುವುದು. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ದ್ರವಗಳ ಬೆರಕೆ. ಅದರಲ್ಲಿ ಬಹಳ ಹಗುರವಾದ ಭಾಗ 40 ಡಿಗ್ರಿ ಹತ್ತಿರವೇ ಕುದಿಯಲು ಶುರುವಾಗುತ್ತದೆ. ಹಳೆ ಕಾರಿನ ಪೆಟ್ರೋಲ್ ಪಂಪು ಎಂಜಿನ್ ಪಕ್ಕಕ್ಕೇ ಅಂಟಿಕೊಂಡು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವಾಗ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದ್ರವ ಇನ್ನೂ ಬೇಗ ಕುದಿಯುತ್ತದೆ. ಕೊಳವೆಯಲ್ಲಿ ಪೆಟ್ರೋಲ್ ಬದಲು ಗುಳ್ಳೆ ತುಂಬಿಕೊಂಡರೆ ಪಂಪು ಸುಮ್ನೆ ಗಾಳಿ ಅಗಿಯುತ್ತದೆ, ಎಂಜಿನ್ ಬಂದ್. ಇದೇ ವೇಪರ್ ಲಾಕ್. ಪರಿಹಾರ: ಪಂಪಿನ ಮೇಲೆ ಒದ್ದೆ ಬಟ್ಟೆ. ಬಟ್ಟೆಯ ನೀರು ಆವಿಯಾಗುತ್ತಾ ಪಂಪಿನ ಬಿಸಿ ಎಳೆದುಕೊಳ್ಳುತ್ತದೆ, ಗುಳ್ಳೆ ಮತ್ತೆ ಪೆಟ್ರೋಲ್ ಆಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ವಿಜ್ಞಾನವೇ ಇದು. ಕಾಕಾ ಮುಂಜಾಗ್ರತೆಯ ಮನುಷ್ಯ. ಬೇಸಿಗೆಯಲ್ಲಿ ಹೊರಡುವ ಮುಂಚೆಯೇ ಬಟ್ಟೆ ನೆನೆಸಿಕೊಂಡು ಹೊರಡುತ್ತಾರೆ.

ಹೊಸ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿದೆ. ಹೀರುವುದಿಲ್ಲ, ಹಿಂದಿನಿಂದ ಒತ್ತಿ ತಳ್ಳುತ್ತದೆ, ಅದೂ ವಾತಾವರಣದ ಮೂರು ನಾಲ್ಕು ಪಟ್ಟು ಒತ್ತಡದಲ್ಲಿ. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಸುಲಭಕ್ಕೆ ಕುದಿಯುವುದಿಲ್ಲ. ಒಂದು ಪಂಪಿನ ಜಾಗ ಬದಲಾಗಿದ್ದಕ್ಕೆ ಒದ್ದೆ ಬಟ್ಟೆ ಬೇಡವಾಯಿತು.

ಎರಡನೆಯದು ಎಂಜಿನ್ ತಂಪು ಮಾಡುವ ರೇಡಿಯೇಟರ್ ನೀರು ಕುದಿಯುವುದು. ಹಳೆ ಕಾರಿನಲ್ಲಿ ಫ್ಯಾನು ಎಂಜಿನ್ನಿಗೆ ಬೆಲ್ಟ್ ಹಾಕಿ ಕಟ್ಟಿದ್ದು. ಎಂಜಿನ್ ಜೋರಾಗಿ ತಿರುಗಿದರೆ ಫ್ಯಾನೂ ಜೋರು, ನಿಧಾನವಾದರೆ ಫ್ಯಾನೂ ನಿಧಾನ. ಈಗ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಸಿಕ್ಕಿಕೊಂಡಿದ್ದೀರಿ ಅಂದುಕೊಳ್ಳಿ. ಕಾರು ನಿಂತಿದೆ, ಎದುರಿನಿಂದ ಗಾಳಿ ಇಲ್ಲ, ಎಂಜಿನ್ ಸಣ್ಣಗೆ ಓಡುತ್ತಿದೆ. ಅಂದರೆ ಫ್ಯಾನು ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿನಲ್ಲೇ ಎಲ್ಲಕ್ಕಿಂತ ನಿಧಾನ! ಡಿಜೈರ್ ಫ್ಯಾನು ಕರೆಂಟಿನದು. ನೀರು ಬಿಸಿಯಾದರೆ ತಿರುಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಕಾರು ನಿಂತಿದೆಯೋ ಓಡುತ್ತಿದೆಯೋ ಅದಕ್ಕೆ ಸಂಬಂಧವಿಲ್ಲ. ಜೊತೆಗೆ ರೇಡಿಯೇಟರ್ ಮುಚ್ಚಳ ಪ್ರೆಶರ್ ಕುಕ್ಕರ್ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಮಟ್ಟವನ್ನು 100ರಿಂದ 120 ಡಿಗ್ರಿ ಆಸುಪಾಸಿಗೆ ಏರಿಸುತ್ತದೆ. ಹಳೆ ಕಾರಿಗೂ ಇಂಥ ಮುಚ್ಚಳ ಇತ್ತು, ಆದರೆ ಅದರ ಸೀಟಿ ಬೇಗ ಕೂಗುತ್ತಿತ್ತು.

ಇದಕ್ಕೆ ನಮ್ಮ ನೆಲದ ಕಾಣಿಕೆಯೂ ಸೇರಿದೆ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಅದಕ್ಕೇ. ಆ ಕಲ್ಲಿನ ನಡುವಿನಿಂದ ಬರುವ ಬೋರ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದಿಲ್ಲವಾ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೊಳವೆ ಕಟ್ಟಿದರೆ ಫ್ಯಾನು ಎಷ್ಟು ತಿರುಗಿದರೇನು? ಹೊಸ ಕಾರಿನವರು ಇದನ್ನು ಮರೆಯಬಾರದು. ಕೂಲೆಂಟ್ (ರೇಡಿಯೇಟರಿಗೆ ಹಾಕುವ ದ್ರವ) ಕಡಿಮೆಯಾಯಿತು ಅಂತ ನಲ್ಲಿ ನೀರು ಸುರಿದರೆ ಹೊಸದಕ್ಕೂ ಅದೇ ಗತಿ.

ಬ್ರೇಕ್ ವಿಷಯ ಬೇಗ ಹೇಳುತ್ತೇನೆ. ಮೊದಲ ಮಳೆ ಬಿದ್ದಾಗ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದು ರಸ್ತೆ ಸಾಬೂನಿನ ಹಾಗೆ ಆಗುತ್ತದೆ. ಅಲ್ಲಿ ಜೋರಾಗಿ ಬ್ರೇಕ್ ತುಳಿದರೆ ಗಾಲಿ ತಿರುಗುವುದು ನಿಲ್ಲುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ನಿಂತ ಗಾಲಿಯನ್ನು ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಜಾರುತ್ತದೆ. ಹಳಬರು ಅದಕ್ಕೇ ಬ್ರೇಕನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡುತ್ತಿದ್ದರು. ಕಾಕಾನ ಕಾಲು ಸೆಕೆಂಡಿಗೆ ಎರಡು ಸಲ ಮಾಡೀತು. ಹೊಸ ಕಾರಿನ ಎಬಿಎಸ್ (ಗಾಲಿ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಲ, ಯಾವ ಗಾಲಿ ಜಾರುತ್ತಿದೆಯೋ ಅದಕ್ಕೆ ಮಾತ್ರ ಮಾಡುತ್ತದೆ. ಆಗ ಪೆಡಲ್ ಕಾಲಿನ ಕೆಳಗೆ ಗರಗರ ಅದುರುತ್ತದೆ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ. ಇಲ್ಲಿ ಹಳೆ ಅಭ್ಯಾಸ ಉಲ್ಟಾ ಹೊಡೆಯುತ್ತದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾಗಿದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಾಣ ಡ್ರೈವರ್ ಇದ್ದರೆ ಹಳೆ ಕಾರಿನಲ್ಲೂ ಸಂಭಾಳಿಸಬಹುದಾದ ಕೆಲಸ. ಡ್ರೈವರ್ ಎಷ್ಟೇ ಜಾಣನಿದ್ದರೂ ಏನೂ ಮಾಡಲಾಗದ ಗಳಿಗೆ ಒಂದಿದೆ, ಗುದ್ದಿದ ಗಳಿಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಟಣ್ ಮತ್ತು ಡಬ್‌ನ ಜಗಳ ಇತ್ಯರ್ಥವಾಗುವುದು ಅಲ್ಲಿ.

ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿತು ಅನ್ನಿ. ಕಾರಿನ ಜೊತೆ ನೀವೂ ಅದೇ ವೇಗದಲ್ಲಿದ್ದೀರಿ, ನೀವೂ ನಿಲ್ಲಬೇಕು. ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಅನ್ನುವುದೇ ಮುಖ್ಯ. ಕಾರು ಬಹಳ ಗಟ್ಟಿ, ಮೂತಿ 15 ಸೆಂಟಿಮೀಟರ್ ಮಾತ್ರ ನುಗ್ಗಿತು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 60 ಕಿಲೋ ತೂಕದ ಮನುಷ್ಯನ ಮೇಲೆ ಬೀಳುವ ಬಲ ಅವನ ತೂಕದ ಸುಮಾರು 65 ಪಟ್ಟು. ನಮ್ಮ ತೊಗರಿ ಲೆಕ್ಕದಲ್ಲಿ ಹೇಳಬೇಕೆಂದರೆ ಎದೆಯ ಮೇಲೆ 39 ಕ್ವಿಂಟಾಲ್. ಅದೇ ಮೂತಿ 60 ಸೆಂಟಿಮೀಟರ್ ಮುದುಡಿದರೆ? ತೂಕದ 16 ಪಟ್ಟು, ಅಂದರೆ ಹತ್ತು ಕ್ವಿಂಟಾಲಿಗಿಂತ ಸ್ವಲ್ಪ ಕಡಿಮೆ. ಇದೂ ಸಣ್ಣದಲ್ಲ. ಆದರೆ ಬೆಲ್ಟ್ ಹಾಕಿದ್ದರೆ, ಒಂದು ಕ್ಷಣಕ್ಕೆ ದೇಹ ತಡೆಯುತ್ತದೆ. 39 ತಡೆಯುವುದಿಲ್ಲ. ವೇಗ ಇಮ್ಮಡಿಯಾದರೆ ಈ ಲೆಕ್ಕವೆಲ್ಲ ನಾಲ್ಕು ಪಟ್ಟು ಆಗುತ್ತದೆ ಅನ್ನುವುದೂ ನೆನಪಿರಲಿ.

ಹಾಗಾಗಿ ಹೊಸ ಕಾರಿನ ಮೂತಿ ಮುದುಡುವುದು ದೋಷವಲ್ಲ, ಬೇಕೆಂದೇ ಮಾಡಿದ್ದು. ಮುಂದಿನ ಭಾಗ ಮುದುಡಬೇಕು, ಜನ ಕೂರುವ ಗೂಡು ಮುದುಡಬಾರದು. ಈ ಯೋಚನೆ ಹೊಸದೂ ಅಲ್ಲ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನಿ 1950ರ ದಶಕದ ಶುರುವಿನಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 1959ರಲ್ಲಿ ಆ ಕಂಪನಿ ಇಂಥ ಕಾರನ್ನು ಮಾರುಕಟ್ಟೆಗೂ ತಂದಿತು. ಅಂಬಾಸಿಡರ್ ನಕ್ಷೆ ಅದಕ್ಕಿಂತ ಮುಂಚಿನದು, ಅದನ್ನು ದೂರಿ ಪ್ರಯೋಜನವಿಲ್ಲ. ತಟ್ಟಿದಾಗ ಡಬ್ ಅನ್ನುವ ಹೊಸ ತಗಡು ಬರೀ ಮೈಚರ್ಮ. ಮೂಳೆ ಒಳಗಿದೆ. ಬಾಗಿಲ ಕಂಬ, ಸೀಟಿನ ಪಕ್ಕದ ತೊಲೆ ಇವಕ್ಕೆ ಹಳೆ ಉಕ್ಕಿಗಿಂತ ಎಷ್ಟೋ ಬಲವಾದ ಉಕ್ಕು ಹಾಕಿರುತ್ತಾರೆ. ಅದನ್ನು ಯಾರೂ ತಟ್ಟಿ ನೋಡುವುದಿಲ್ಲ.

ಇದನ್ನು ಕಣ್ಣಾರೆ ತೋರಿಸಿದ ಪರೀಕ್ಷೆಯೂ ಒಂದಿದೆ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯವರು ತಮ್ಮ ಐವತ್ತನೇ ವರ್ಷಕ್ಕೆ ಎರಡು ಷೆವರ್ಲೆ ಕಾರುಗಳನ್ನು ಎದುರುಬದುರು ಗುದ್ದಿಸಿದರು. ಒಂದು 1959ರ ಬೆಲ್ ಏರ್, ಉದ್ದನೆಯ ಭರ್ಜರಿ ಕಾರು. ಇನ್ನೊಂದು 2009ರ ಮ್ಯಾಲಿಬು. ಎರಡೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿದ್ದವು. ಹಳೆ ಕಾರಿನ ಕೂರುವ ಗೂಡು ಕುಸಿದು, ಸ್ಟೇರಿಂಗ್ ಡ್ರೈವರ್ ಜಾಗದಲ್ಲಿ ಕೂರಿಸಿದ್ದ ಬೊಂಬೆಯ ಮೈಮೇಲೆ ನುಗ್ಗಿತು. ಅಲ್ಲಿ ಮನುಷ್ಯ ಇದ್ದಿದ್ದರೆ ಉಳಿಯುವುದು ಕಷ್ಟವಿತ್ತು. ಹೊಸ ಕಾರಿನವನಿಗೆ ಕಾಲಿಗೆ ಪೆಟ್ಟಾಗುತ್ತಿತ್ತು, ಅಷ್ಟೇ. ಈ ವಿಡಿಯೊವನ್ನು ನಾನು ಕಾಕಾಗೆ ತೋರಿಸಿದೆ. ಕಾಕಾ ಎರಡು ಸಲ ನೋಡಿದರು. "ಅಮೆರಿಕಾ ಗಾಡಿ ಅದು" ಅಂದರು.

ಹೊಸದೆಲ್ಲ ಸುರಕ್ಷಿತ ಅಂತಲೂ ಅಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಮೊದಲ ಸಲ ಭಾರತದ ಐದು ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸೊನ್ನೆ ಸ್ಟಾರ್ ಬಂದಿತ್ತು. ಈಗಿನ ಡಿಜೈರ್‌ಗೆ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಸಿಕ್ಕಿದೆ, ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಇವೆ. ಕಾರು ಕೊಳ್ಳುವಾಗ ತಯಾರಾದ ವರ್ಷ ಮಾತ್ರ ನೋಡಿದರೆ ಸಾಲದು, ಈ ಸ್ಟಾರ್ ಕೂಡ ನೋಡಬೇಕು.

ಹಿಂದಿನ ಸೀಟಿನ ಮಾತು ಬಂದರೆ ಮಾತ್ರ ನಾನು ಕಾಕಾನ ಪಾರ್ಟಿ. ಅಂಬಾಸಿಡರ್ ಹಿಂದೆ ಕೂತರೆ ಸೋಫಾದಲ್ಲಿ ಕೂತ ಹಾಗೆ. ಎತ್ತರದ ಬಾಗಿಲು, ಅಜ್ಜಿ ಸೀರೆ ಸರಿಪಡಿಸಿಕೊಂಡು ತಲೆ ಬಗ್ಗಿಸದೆ ಹತ್ತಬಹುದು. ಹಿಂದಿನ ಕಮಾನು ಪಟ್ಟಿಗಳು (ಸ್ಪ್ರಿಂಗ್) ಭಾರ ಹಾಕಿದಷ್ಟೂ ಹದವಾಗುತ್ತವೆ. ಗೇರ್ ಸ್ಟೇರಿಂಗ್ ಪಕ್ಕ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು. ಡಿಜೈರ್ ಯಾಕೆ ಹಿಂದಿನಿಂದ ಕತ್ತರಿಸಿದ ಹಾಗೆ ಕಾಣುತ್ತದೆ ಗೊತ್ತಾ? ತೆರಿಗೆ. 4 ಮೀಟರ್ ಒಳಗಿನ ಚಿಕ್ಕ ಕಾರಿಗೆ 2006ರಲ್ಲಿ ತೆರಿಗೆ ಕಡಿಮೆ ಮಾಡಿದರು. 2008ರ ಮೊದಲ ಡಿಜೈರ್ ಅದಕ್ಕಿಂತ ಉದ್ದವಿತ್ತು. 2012ರಲ್ಲಿ ಡಿಕ್ಕಿ ಗಿಡ್ಡ ಮಾಡಿ ಅಳತೆಯೊಳಗೆ ತಂದರು. (ಸಾಮಾನು ಇಡುವ ಡಿಕ್ಕಿ, ಹೊಡೆಯುವ ಡಿಕ್ಕಿ ಅಲ್ಲ.) ಈಗಿನದರ ಉದ್ದ 3995 ಮಿಲಿಮೀಟರ್. ಐದೇ ಮಿಲಿಮೀಟರ್ ಬಾಕಿ! 2025ರ ಸೆಪ್ಟೆಂಬರ್ 22ರಿಂದ ಇಂಥ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಇದಕ್ಕಿಂತ ದೊಡ್ಡ ಪೆಟ್ರೋಲ್ ಕಾರಿಗೆ ಶೇ. 40. ಅಂಬಾಸಿಡರ್ ಉದ್ದ 4.3 ಮೀಟರ್. ಈಗ ಬಂದಿದ್ದರೆ ದುಬಾರಿ ಸಾಲಿಗೇ ಸೇರುತ್ತಿತ್ತು.

ರಿಪೇರಿಯಲ್ಲಿ ತಕ್ಕಡಿ ಮತ್ತೆ ಹಳೆಯದರ ಕಡೆ ವಾಲುತ್ತದೆ, ಅರ್ಧದವರೆಗೆ. ನಾಲ್ಕು ಪಾನಾ, ಒಂದು ಸ್ಕ್ರೂಡ್ರೈವರ್, ಸ್ವಲ್ಪ ಪಾಲಿಶ್ ಪೇಪರ್ ಇದ್ದರೆ ಮಿಸ್ತ್ರಿ ರಸ್ತೆ ಬದಿಯಲ್ಲೇ ಕೆಲಸ ಮುಗಿಸುತ್ತಾನೆ. ಹೊಸ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು ಅಂದರೆ ಸ್ಕ್ಯಾನರ್ ಚುಚ್ಚಿ ಕೋಡ್ ಓದಬೇಕು. ಪರಿಚಯದ ಒಬ್ಬರ ಕಾರಿಗೆ ಹೀಗೇ ದೀಪ ಹತ್ತಿ ಎರಡು ದಿನ ನಿಂತಿತ್ತು. ಕೊನೆಗೆ ನೋಡಿದರೆ ಸೆನ್ಸರ್ ವೈರನ್ನು ಇಲಿ ಕಡಿದಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಎಂಜಿನ್ನಿನ ಸುದ್ದಿ ತರುವವನಿಗೆ ಆಗಿತ್ತು.

ಆದರೆ ಹಳೆಯದಕ್ಕೆ ಹೊಸ ಕಷ್ಟಗಳು ಬಂದಿವೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಹಳೆ ರಬ್ಬರ್ ಕೊಳವೆ, ಪಂಪಿನೊಳಗಿನ ರಬ್ಬರ್ ಪೊರೆ ಇವಕ್ಕೆ ಎಥನಾಲ್ ಆಗಿಬರುವುದಿಲ್ಲ. ಉಬ್ಬುತ್ತವೆ, ಬಿರಿಯುತ್ತವೆ. ಅದಕ್ಕೆ ತಡೆಯುವ ಕೊಳವೆ ಹಾಕಿಸುವುದೇ ಮೊದಲ ಖರ್ಚು. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ಕಾರನ್ನು ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸಬಾರದು. ಕಾಗದಪತ್ರದ ವಿಷಯಕ್ಕೆ ಬಂದರೆ, 15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ಮುಂದುವರಿಸುತ್ತಾರೆ. 'ವಿಂಟೇಜ್' ಪಟ್ಟ ಸಿಗಲು 50 ವರ್ಷ ದಾಟಿರಬೇಕು. ಅಂದರೆ ಕಾಕಾನ ಕಾರಿಗೆ ಇನ್ನೂ 2036ರವರೆಗೆ ಪುರುಸೊತ್ತಿದೆ. ಆ ಪಟ್ಟ ಸಿಕ್ಕರೆ ದಿನಾ ಸೂಪರ್ ಮಾರ್ಕೆಟ್ಟಿಗೆ ಓಡಿಸುವಂತೆಯೂ ಇಲ್ಲ.

ನೀವೇನಾದರೂ ಹಳೆ ಅಂಬಾಸಿಡರ್ ಹುಡುಕುತ್ತಿದ್ದರೆ ಎಂಜಿನ್ನಿಗಿಂತ ಮೊದಲು ತಗಡು ನೋಡಿ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ನೆಲವನ್ನು ಕಟ್ಟುವುದು ಕಷ್ಟ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕಾಕಾ ಹರಾಜಿನ ದಿನ ಹಳೆ ರೇಡಿಯೊ ಸ್ಪೀಕರಿನ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿದ್ದರಂತೆ. ಬಾಗಿಲ ಕೆಳಗಿನ ಅಂಚು, ಗಾಲಿಯ ಮೇಲಿನ ಕಮಾನು, ಡಿಕ್ಕಿಯ ತಳ ಎಲ್ಲ ಕಡೆ ಹಚ್ಚಿ ನೋಡಿದ್ದರು. ಅಂಟಿದರೆ ಉಕ್ಕು, ಜಾರಿದರೆ ಪುಟ್ಟಿ.

ಆ ಅಯಸ್ಕಾಂತ ಇನ್ನೂ ಅವರ ಹತ್ತಿರ ಇದೆ. ಮೊನ್ನೆ ಸಂಜೆ ಚಹಾ ಕುಡಿದು ಎದ್ದವರೇ ಅದನ್ನು ತಂದು ನನ್ನ ಡಿಜೈರ್ ಬಾಗಿಲಿಗೆ ಹಚ್ಚಿದರು. ಟಪ್ ಅಂತ ಅಂಟಿಕೊಂಡಿತು. ಬಾನೆಟ್‌ಗೂ ಅಂಟಿತು. ಮುಖದಲ್ಲಿ ಸ್ವಲ್ಪ ನಿರಾಸೆ. ಹಾಗೇ ಸುತ್ತಿ ಬಂದು ಮುಂದಿನ ಬಂಪರಿಗೆ ಹಚ್ಚಿದರು. ಜಾರಿ ಶಹಾಬಾದ್ ಕಲ್ಲಿನ ಮೇಲೆ ಬಿತ್ತು.

"ನೋಡ್ದೇನು? ಪುಟ್ಟಿ!" ಅಂದರು.

"ಅದು ಪ್ಲಾಸ್ಟಿಕ್, ಕಾಕಾ."